ಬಂದರಿನವರ ಹೊಟ್ಟೆ ಕಾಯುವ ಶ್ರೀಲತಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಗೊಳ್ಳಿ ಬಂದರಿನ ದಾರಿ ತುಂಬ ಮೀನಿನ ಲಾರಿಗಳು. ಅವುಗಳ ನಡುವೆ ಸ್ಕೂಟಿ ನುಗ್ಗಿಸಿಕೊಂಡು ಬಂದ ಶ್ರೀಲತಾ ಮೆಡಿಕಲ್ ಶಾಪಿನ ಶಟರ್ ಎತ್ತುವಷ್ಟರಲ್ಲಿ ಬುಟ್ಟಿ ಹಿಡಿದ ಹೆಂಗಸರು ಎದುರಿಗೆ ಸೇರಿಯಾಗಿದೆ. ಅವರಿಗೆ ಬೇಕಾದ್ದು ನೋವಿನ ಗುಳಿಗೆ. ಶ್ರೀಲತಾ ಮೊದಲು ಡಾಕ್ಟರ ಚೀಟಿ ನೋಡುತ್ತಾರೆ. ಆಮೇಲೆ, "ಹೊಟ್ಟಿಗ್ ಎಂತ ಹಾಕಂಡ್ರಿ?" ಬರೀ ಚಾ ಎಂದರೆ ಪಕ್ಕದ ಹೋಟೆಲಿನ ಇಡ್ಲಿ ಕಡೆ ಕೈ ತೋರಿಸುತ್ತಾರೆ. ತಿಂದು ಬಂದವರು ಗುಳಿಗೆಯನ್ನು ಅವರೆದುರೇ ಇಡಿಯಾಗಿ ನುಂಗಬೇಕು.

ಕೋಟೇಶ್ವರದ ಶ್ರೀಲತಾ ಡಿ.ಫಾರ್ಮಾ ಓದಿದ್ದು ಮದುವೆಯಾದ ಮೇಲೆ. ದಿನವಿಡೀ ನಿಂತೇ ಕೆಲಸ. ಸಂಜೆಗೆ ಕಾಲು ಬಾತು ಚಪ್ಪಲಿ ಬಿಗಿಯಾಗುತ್ತದೆ. ಹಾಗಾಗಿ ನೋವೆಂದು ಬಂದವರಿಗೆ ಬೈಯಲು ಅವರಿಗೆ ಬಾಯಿ ಬಾರದು. ಐಸ್ ನೀರಿನಲ್ಲಿ ನಿಂತು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವರ ಕಾಲುಗಂಟು ನೋಯದೆ ಇರುತ್ತದೆಯೇ? ಏಲಂ, ಅಂದರೆ ಮೀನಿನ ಹರಾಜು, ಶುರುವಾಗುವ ಮೊದಲು ಗುಳಿಗೆ ಹಾಕಿಕೊಳ್ಳುವುದು ಇಲ್ಲಿ ಎಲೆಅಡಿಕೆ ಹಾಕಿಕೊಂಡಷ್ಟೇ ಸಲೀಸು.

ತಲ್ಲೂರಿನಲ್ಲಿ ಮೀನು ಮಾರುವ ಉಮಾವತಿಗೂ ಅದೇ ರೂಢಿ. ಹೊಟ್ಟೆಗೆ ತೊಂದರೆಯಾಗದಿರಲೆಂದು ಡಾಕ್ಟರು ಬರೆದದ್ದು ಮೇಲೆ ಲೇಪವಿರುವ ಗುಳಿಗೆ. ಆದರೂ ಎದೆಯುರಿ ತಪ್ಪಲಿಲ್ಲ. ಯಾಕೆಂದು ಶ್ರೀಲತಾಗೆ ಗೊತ್ತಾದದ್ದು ಹೋದ ವರ್ಷ ಒಂದು ಬೆಳಿಗ್ಗೆ. ಅಂಗಡಿಯೆದುರು ಉಮಾವತಿ ಮತ್ತು ಜತೆಗಾತಿ ಪದ್ದು ಮೀನಿನ ಪೆಟ್ಟಿಗೆ ಮಗುಚಿ ಕೂತಿದ್ದಾರೆ. ಉಮಾವತಿ ಎಲೆಅಡಿಕೆ ಸಂಚಿಯಿಂದ ಅಡಕತ್ತರಿ ತೆಗೆದು ಗುಳಿಗೆಯನ್ನು ಕಚಕ್ಕನೆ ಎರಡು ಮಾಡುತ್ತಾರೆ. ಅರ್ಧ ಇವರಿಗೆ, ಅರ್ಧ ಅವರಿಗೆ, ಮೇಲೆ ಹಾಲಿಲ್ಲದ ಕಣ್ಣ ಚಾ.

"ಪೂರಾ ಗುಳ್ಗಿ ಉಷ್ಣ ಹೆಣೆ. ಅರ್ಧ ಆರೆ ಹೊಟ್ಟಿ ತಡಿತ್ತ್" ಎಂದು ಉಮಾವತಿಯೇ ಶ್ರೀಲತಾಗೆ ಬುದ್ಧಿ ಹೇಳಿದರಂತೆ.

ಶ್ರೀಲತಾ ಕೌಂಟರ್ ಬಿಟ್ಟು ಹೊರಗೆ ಬಂದರು. "ಐಸ್ ಪೆಟ್ಟಿಗಿ ಮುಚ್ಚಳ ತೆಗ್ದಿಟ್ರೆ ಮೀನ್ ಉಳಿತ್ತಾ ಉಮಕ್ಕ? ಇದೂ ಹಾಂಗೇ. ಹೊಟ್ಟಿ ದಾಟೂ ತನಕ ಮದ್ದ್ ಬಿಚ್ಕಂಬುಕಾಗ ಅಂದೇಳಿ ಲೇಪ ಹಾಕಿದ್ದ್. ನೀವ್ ಅದನ್ನೇ ಕತ್ರಿಸ್ತ್ರಿ." ಲೇಪವಿದ್ದರೂ ಪೂರ್ತಿ ಕಾಯುವುದಿಲ್ಲ, ಮದ್ದು ರಕ್ತಕ್ಕೆ ಸೇರಿದ ಮೇಲೂ ಹೊಟ್ಟೆಯ ಒಳಪದರವನ್ನು ಸೊರಗಿಸುತ್ತದೆ ಎಂದೂ ಹೇಳಿದರು. ಉಮಾವತಿ ನಕ್ಕು ಬುಟ್ಟಿ ಎತ್ತಿಕೊಂಡರು.

ಕೆಲವು ವಾರಗಳ ನಂತರ ಬಂದಾಗ ಉಮಾವತಿಯ ಮುಖ ಬಿಳುಚಿತ್ತು. ಮಲ ಡಾಂಬರಿನ ಹಾಗೆ ಕಪ್ಪಗಿದೆ, ಕಪ್ಪು ಮಸಿ ಕಾರುವ ಬೊಂಡಾಸ್ ಮೀನು ತಿಂದದ್ದಕ್ಕಿರಬೇಕು ಎಂದು ತಮಾಷೆ ಮಾಡಿದರು. ಶ್ರೀಲತಾ ನಗಲಿಲ್ಲ. ಒಳಗೆ ರಕ್ತ ಹೋಗುತ್ತಿರಬಹುದು, ಈಗಲೇ ಆಸ್ಪತ್ರೆಗೆ ನಡೆಯಿರಿ, ಗುಳಿಗೆ ಕೊಡುವುದಿಲ್ಲ ಎಂದರು.

ಉಮಾವತಿಗೆ ರೇಗಿತು. "ಗುಳ್ಗಿ ಇಲ್ದಿರೆ ಬುಟ್ಟಿ ಯಾರ್ ಹೊರುದ್? ನೀ ಹೊರ್ತ್ಯಾ?"

ಶ್ರೀಲತಾ ಶಟರ್ ಎಳೆದು, ಉಮಾವತಿಯನ್ನು ರಿಕ್ಷಾದಲ್ಲಿ ಕೂರಿಸಿ ಕುಂದಾಪುರಕ್ಕೆ ಕರೆದೊಯ್ದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿತ್ತು. ಡಾಕ್ಟರು ಆ ಗುಳಿಗೆ ನಿಲ್ಲಿಸಿ, ಹುಣ್ಣಿಗೆ ಮದ್ದು, ಗಂಟಿಗೆ ಹಚ್ಚುವ ಜೆಲ್ ಬರೆದರು. ಅಂಗಡಿ ಮುಚ್ಚಿದ್ದಕ್ಕೆ ಮಾಲೀಕರಿಂದ ಬೈಗುಳ ತಿಂದದ್ದು ಶ್ರೀಲತಾ.

ಗುಣವಾಗಿ ಬಂದ ಉಮಾವತಿ ಬುಟ್ಟಿ ಹೊರುವುದನ್ನು ಬಿಟ್ಟಿದ್ದಾರೆ. ಮನೆಮನೆಗೆ ಪದ್ದು ಹೋಗುತ್ತಾರೆ. ಉಮಾವತಿ ತಲ್ಲೂರು ಪೇಟೆಯಲ್ಲಿ ಸ್ಟೂಲಿನ ಮೇಲೆ ಕೂತು ಮಾರುತ್ತಾರೆ. ತಿರುಗಿದಾಗ ಆಗುವಷ್ಟು ವ್ಯಾಪಾರ ಕೂತರೆ ಇಲ್ಲ ಎಂಬ ಗೊಣಗಾಟವಂತೂ ನಿಂತಿಲ್ಲ. ಶ್ರೀಲತಾ ಮಾತನ್ನೂ ಎಲ್ಲರೂ ಕೇಳುವುದಿಲ್ಲ. ಚೀಟಿ ಕೇಳಿದರೆ ಕೆಲವರು ಮುಖ ತಿರುಗಿಸಿ ಬೇರೆ ಕಡೆ ಹೋಗುತ್ತಾರೆ. ಅವರನ್ನು ಕಂಡಲ್ಲಿ, ಬಸ್ಸಿನಲ್ಲಾದರೂ ಸರಿ, ಶ್ರೀಲತಾ ತಿಂಡಿ ಆಯಿತೇ ಎಂದು ಕೇಳದೆ ಬಿಡುವುದಿಲ್ಲ.

"ಉಮಕ್ಕ ಈಗ ದಿನಾ ಮೀನ್ ತಕಂಡ್ ಅಂಗ್ಡಿ ಎದ್ರಿಗೇ ಹೋತ್ರ್, ಗುಳ್ಗಿ ಬೇಕ್ ಅಂದೇಳಿ ಒಳ್ಗ್ ಬತ್ರಿಲ್ಲ" ಎನ್ನುತ್ತಾರೆ ಶ್ರೀಲತಾ. "ನಂಗ್ ಅದೇ ಖುಷಿ."