ತಣ್ಣಗೆ ಎನ್ನುವ ಮಾತು

ಆಗೆಲ್ಲ ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮೂರು ಯಳವಿಯಲ್ಲಿ ಬೇಸಿಗೆ ಬಂತೆಂದರೆ ಗಾಳಿಗೂ ಸಿಹಿ ಅಂಟುತ್ತಿತ್ತು. ಊರ ಹೊರಗಿನ ಶೆಡ್ಡುಗಳಲ್ಲಿ ಒಂದರ ಮೇಲೊಂದು ಬಲೆ ಕಟ್ಟಿ ದ್ರಾಕ್ಷಿ ಒಣಹಾಕುತ್ತಿದ್ದರು. ಅವ್ವ ಅಲ್ಲಿಗೆ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವಳ ಸೆರಗಿಗೆ ಮೂಗು ಹಚ್ಚಿದರೆ ಒಣಹಾಕುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆಯ ವಾಸನೆ, ಅದರ ಕೆಳಗೆ ಅವ್ವನ ವಾಸನೆ. ಶೆಡ್ಡಿಗೆ ಹೋದ ತಾಯಂದಿರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಒಂಬತ್ತು ವರ್ಷ, ತಮ್ಮ ಮಲ್ಲುಗೆ ಒಂದೂವರೆ. ಬೆಳಗಿನ ಶಾಲೆ ಬಿಟ್ಟ ಮೇಲೆ ಅವನು ನನ್ನ ಪಾಲು. ನಮ್ಮಿಬ್ಬರದು ಒಂದೇ ಆಟ. ಅವನ ಎಡಗಾಲಿನ ಬೆರಳುಗಳನ್ನು ಕನ್ನಡದಲ್ಲಿ ಎಣಿಸುತ್ತಿದ್ದೆ, ಬಲಗಾಲಿನವನ್ನು ಮರಾಠಿಯಲ್ಲಿ. ಏಕ, ದೋನ, ತೀನ, ಚಾರ. ಅಲ್ಲಿಗೆ ಬರುವಷ್ಟರಲ್ಲೇ ಅವನಿಗೆ ನಗು ತಡೆಯುತ್ತಿರಲಿಲ್ಲ. ಪಾಚ ಎಂದು ಕಿರುಬೆರಳು ಎಳೆದರೆ ಕಾಲು ಕಸಿದುಕೊಂಡು ಕೇಕೆ ಹಾಕುತ್ತಿದ್ದ, ಮತ್ತೆ ಅದೇ ಕಾಲನ್ನು ಮುಂದೆ ಚಾಚುತ್ತಿದ್ದ.

ನಮ್ಮ ಅಜ್ಜಿಯನ್ನು ಆಯಿ ಎನ್ನುತ್ತಿದ್ದೆವು. ಯಾರು ಕಾಲಿಗೆ ಬಿದ್ದರೂ ಅವಳದು ಒಂದೇ ಹರಕೆ, "ತಣ್ಣಗಿರವ್ವ", "ತಣ್ಣಗಿರಪ್ಪ". ನಮ್ಮ ಬಿಸಿಲ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಮಾತು ಯಾವುದಿತ್ತು? ಕೊಡದ ನೀರು ತಣ್ಣಗೆ, ಬೇವಿನ ನೆರಳು ತಣ್ಣಗೆ, ಹಡೆದವಳ ಹೊಟ್ಟೆ ತಣ್ಣಗೆ.

ಆ ವರ್ಷ ಮಲ್ಲುವಿನ ತೊಡೆಯ ಮೇಲೊಂದು ಕುರು ಎದ್ದಿತು. ಆಯಿ ಉಳ್ಳಾಗಡ್ಡಿ ಸುಟ್ಟು, ಅರಿಶಿನ ಹಚ್ಚಿ ಕಟ್ಟಿದಳು. ಬೇಸಿಗೆಯಲ್ಲಿ ಮಕ್ಕಳಿಗೆ ಕುರು ಏಳದೆ ಇನ್ನೇನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಜ್ವರ ಬಂತು. ಎರಡು ದಿನ ಮೈ ಕಾದ ಹೆಂಚು. ಔಷಧದಂಗಡಿಯಿಂದ ಏನೋ ತಂದು ಕುಡಿಸಿದರು. ಮೂರನೆಯ ದಿನ ಬೆಳಗ್ಗೆ ಅವನು ಮೊಲೆಗೂ ಬಾಯಿ ಹಾಕಲಿಲ್ಲ. ಅವ್ವ ಮನಸ್ಸಿಲ್ಲದ ಮನಸ್ಸಿನಿಂದ ಅವನನ್ನು ಆಯಿಗೆ ಒಪ್ಪಿಸಿ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಅಳು ನಿಂತಿತು. ನಾನು ಅವನ ಕಾಲು ಹಿಡಿದೆ. ಅಂಗಾಲು ಕೊಡದ ಮೈಯಷ್ಟು ತಣ್ಣಗಿತ್ತು. ಆಟಕ್ಕೆಂದು ಎಣಿಸಿದೆ. ಪಾಚ ಎಂದಾಗಲೂ ಅವನು ಕಾಲು ಎಳೆದುಕೊಳ್ಳಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಆಯಿ ಬಂದು ಮುಟ್ಟಿ ನೋಡಿ, ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದಳು.

"ಜ್ವರ ಇಳೀತು. ಲಗೂನ ಹೋಗಿ ಅವ್ವಗ ಹೇಳಿ ಬಾ, ಮಲ್ಲು ತಣ್ಣಗ ಮಲಗ್ಯಾನ ಅಂತ."

ಬರಿಗಾಲಲ್ಲಿ ಓಡಿದೆ. ಅಷ್ಟು ಒಳ್ಳೆಯ ಸುದ್ದಿಯನ್ನು ನಾನು ಅದುವರೆಗೆ ಯಾರಿಗೂ ಒಯ್ದಿರಲಿಲ್ಲ. ಅವ್ವ ಕೇಳಿ ಕಣ್ಣೊರೆಸಿಕೊಂಡು, ಎರಡು ಬೊಗಸೆ ಮಣೂಕವನ್ನು ನನ್ನ ಉಡಿಗೆ ಸುರಿದಳು. ಸಂಜೆಯವರೆಗೆ ನೆಮ್ಮದಿಯಿಂದ ಕೆಲಸ ಮಾಡಿದಳು. ನಾನು ದಾರಿಯುದ್ದಕ್ಕೂ ತಿನ್ನುತ್ತ ಬಂದೆ, ಮಲ್ಲು ಎದ್ದ ಮೇಲೆ ಕೊಡೋಣವೆಂದು ಒಂದು ಹಿಡಿ ಉಳಿಸಿಕೊಂಡೆ.

ಅವ್ವ ಬಂದು ಎತ್ತಿಕೊಂಡಾಗ ಅವನ ಕುತ್ತಿಗೆ ವಾಲಿತು. ಪಕ್ಕೆಗಳು ಬಡಿದುಕೊಳ್ಳುತ್ತಿದ್ದವು. ಕಾಲಿನ ಚರ್ಮದ ಮೇಲೆ ಶೆಡ್ಡಿನ ಬಲೆಯಂಥ ನೀಲಿ ಗೆರೆಗಳು. ಪಕ್ಕದವರ ಜೀಪಿನಲ್ಲಿ ಜತ್ತಕ್ಕೆ ಹೋದೆವು. ಡಾಕ್ಟರು ಅವನ ಎದೆಯ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರು. ಬೆಳ್ಳಗಾದ ಜಾಗಕ್ಕೆ ರಕ್ತ ಮರಳುವುದನ್ನು ಕಾಯುತ್ತ ಮೆಲ್ಲಗೆ ಮರಾಠಿಯಲ್ಲಿ ಎಣಿಸತೊಡಗಿದರು. ಏಕ, ದೋನ, ತೀನ, ಚಾರ. ಈಗ ನಗುತ್ತಾನೆ ಎಂದು ನಾನು ಕಾದೆ. ಪಾಚ ಆಯಿತು. ಡಾಕ್ಟರು ಎಣಿಸುತ್ತಲೇ ಇದ್ದರು.

ಕೈಕಾಲು ಯಾವಾಗಿನಿಂದ ಹೀಗೆ ತಣ್ಣಗಾಗಿವೆ ಎಂದು ಅವರು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು.

"ಮಧ್ಯಾಹ್ನನ ಆಗ್ಯಾವ್ರಿ" ಎಂದೆ. ದನಿಯಲ್ಲಿ ಇನ್ನೂ ಹೆಮ್ಮೆ ಇತ್ತು. ಅದನ್ನು ನೆನೆದರೆ ಇಂದಿಗೂ ನಾಲಿಗೆ ಕಿತ್ತುಹಾಕಬೇಕು ಅನಿಸುತ್ತದೆ.

ಸಿಗದ ನರ ಹುಡುಕಿ ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು, ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಡಫಳಾಪುರ ಬರುವ ಮೊದಲೇ, ಅವ್ವನ ತೊಡೆಯ ಮೇಲೆ, ಅವನು ಹೋಗಿಬಿಟ್ಟ. ಕುರುವಿನ ನಂಜು ರಕ್ತಕ್ಕೆ ಏರಿತ್ತಂತೆ. ನಾವು ಇಳಿಯಿತು ಎಂದುಕೊಂಡ ಜ್ವರ ಇಳಿದಿರಲಿಲ್ಲ, ಮೈಯೇ ಸೋತಿತ್ತು. ನನ್ನ ಮುಷ್ಟಿಯೊಳಗಿನ ಮಣೂಕ ಅಂಟಂಟಾಗಿತ್ತು.

ಈಗ ನಾನು ಇದೇ ತಾಲೂಕಿನ ಒಂದು ದವಾಖಾನೆಯಲ್ಲಿ ಸಿಸ್ಟರ್. ಜ್ವರ ಇಳಿದಿದೆ, ಮಗು ತಣ್ಣಗಾಗಿದೆ ಎಂದು ಯಾವ ತಾಯಿಯಾದರೂ ಸಮಾಧಾನದಿಂದ ಹೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಹಾಲು ಕುಡಿಯಿತೇ, ಕರೆದರೆ ಕಣ್ಣು ಬಿಡುತ್ತದೆಯೇ ಎಂದು ಕೇಳುತ್ತಲೇ ಎದೆಯ ಮೇಲೆ ಒತ್ತಿ ಎಣಿಸುತ್ತೇನೆ. ಮೂರರೊಳಗೆ ಬಣ್ಣ ಮರಳದಿದ್ದರೆ ಡಾಕ್ಟರನ್ನು ಕೂಗುತ್ತೇನೆ. ಮೊದಲ ಇಂಜೆಕ್ಷನ್ ಅಲ್ಲೇ ಬೀಳಬೇಕು, ಆಮೇಲೆ ಅಂಬುಲೆನ್ಸ್. ಪಾಚದವರೆಗೆ ನಾನು ಎಣಿಸುವುದಿಲ್ಲ. ಎಷ್ಟೋ ಮಕ್ಕಳು ಬದುಕಿ ತಿರುಗಿ ಬಂದಿವೆ. ಅವುಗಳಲ್ಲಿ ಯಾವುದೂ ಮಲ್ಲು ಅಲ್ಲ.

ಅವ್ವ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಮರುವರ್ಷದಿಂದ ಶೆಡ್ಡಿಗೆ ಹೋಗಲಿಲ್ಲ, ಅಷ್ಟೇ. ತಣ್ಣಗೆ ಎನ್ನುವ ಮಾತು ಮಾತ್ರ ನಮ್ಮ ಮನೆ ಬಿಟ್ಟು ಹೋಯಿತು. ಕೊಡದ ನೀರನ್ನೂ ಬರೀ ನೀರು ಎನ್ನುತ್ತಿದ್ದೆವು.

ನೌಕರಿಯ ಮೊದಲ ದಿನ ಆಯಿಯ ಕಾಲಿಗೆ ಬಿದ್ದೆ. ಅವಳು ತಲೆಯ ಮೇಲೆ ಕೈ ಇಟ್ಟಳು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ನನ್ನ ಎರಡೂ ಅಂಗೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಬಹಳ ಹೊತ್ತು ತಿಕ್ಕಿದಳು.

"ಬೆಚ್ಚಗಿರವ್ವ" ಎಂದಳು.