ತಂತಿ ಕುದಿಸುತ್ತಿದ್ದ ಬಾಡಿಗೆಯವನು

ಮೊನ್ನೆ ತೂಗುದೀಪದ ಜಿಡ್ಡು ಹಿಡಿದ ಸರಪಳಿಯನ್ನು ಸೋಡಾ ಹಾಕಿ ಕುದಿಸಿದೆ. ಅಡುಗೆಮನೆಯೆಲ್ಲ ಕಾದ ಲೋಹದ ಕಮಟು ವಾಸನೆ... ಎಷ್ಟೋ ವರ್ಷದ ಹಿಂದಿನ ನಮ್ಮ ಮಹಡಿ ಬಾಡಿಗೆಯವನು ನೆನಪಾದ.

ತೊಂಬತ್ತರ ದಶಕದ ಕೊನೆ. ಹರಿಹರದ ನಮ್ಮ ಮನೆಗೆ ಬಂದಾಗ, "ದಾವಣಗೆರೆ ಬ್ಯಾಂಡಿನಾಗೆ ಗಿಟಾರ್ ಬಾರಿಸ್ತೀನ್ರಿ" ಅಂದಿದ್ದ. ಗಿಟಾರ್ ಅಂದರೆ ಹಾಡಿನ ಹಾಗೆ ಕೇಳಬೇಕಲ್ಲ? ಇವನ ಕೋಣೆಯಿಂದ ಬರುತ್ತಿದ್ದದ್ದು ಬರೀ ಗುದ್ದು. ಧುಮ್, ಧುಮ್, ನಡುವೆ ಟಪ್ ಅಂತ ಒಂದು ಏಟು. ಪೂಜೆಗೆ ಕೂತರೆ ಗೂಡಿನಲ್ಲಿದ್ದ ವಿಭೂತಿ ತಟ್ಟೆ ಸಣ್ಣಗೆ ನಡುಗೋದು. ಇವನು ಏನನ್ನೋ ಮುಚ್ಚಿಡ್ತಿದಾನೆ ಅಂತ ನನಗೆ ಮೊದಲಿನಿಂದ ಅನುಮಾನ.

ಒಂದು ಅಮಾವಾಸ್ಯೆ ಮಧ್ಯಾಹ್ನ ಬಟ್ಟೆ ತರಲು ಮೇಲೆ ಹೋದೆ. ಅವನ ಕೋಣೆಯ ಬಾಗಿಲು ತೆರೆದಿತ್ತು, ಸ್ಟೋವಿನ ಮೇಲೆ ಪಾತ್ರೆ. ಕುದಿಯುವ ನೀರಲ್ಲಿ ಹಾವಿನಮರಿಗಳಂತೆ ಸುತ್ತಿಕೊಂಡ ನಾಲ್ಕು ದಪ್ಪ ತಂತಿ.

"ಇದೇನಪ್ಪಾ?"

"ಗಿಟಾರಿನ ತಂತಿ ಅಕ್ಕಾರೆ. ಜಿಡ್ಡು ಹೋದ್ರೆ ದನಿ ಬರ್ತೈತೆ. ಹೊಸಾವು ಭಾಳ ತುಟ್ಟಿ."

ನಂಬಲಿಲ್ಲ. ಅಮಾವಾಸ್ಯೆ ದಿನ ತಂತಿ ಕುದಿಸೋರು ಯಾರು? ಯಜಮಾನರು ಬಂದ ತಕ್ಷಣ ಗೇಟಿನಲ್ಲೇ ನಿಲ್ಲಿಸಿ ಹೇಳಿದೆ, "ಮಾಟ ಮಾಡೋನು ಇದ್ದಂಗೈತ್ರಿ. ಖಾಲಿ ಮಾಡಿಸ್ರಿ."

"ಅವನಿಗೆ ಮಾಟ ಬರ್ತಿದ್ರೆ ನಮ್ಮ ಸೋರೋ ಕೋಣೆಗೆ ಯಾಕ ಬರ್ತಿದ್ದ?" ಅಂತ ನಕ್ಕರು. ನಾನು ಬಿಡಲಿಲ್ಲ. ಕೊನೆಗೆ, ತಿಂಗಳು ತುಂಬಲಿ, ಹೇಳ್ತೀನಿ ಅಂದರು.

ಅದೇ ವಾರ ದಾವಣಗೆರೆಯಲ್ಲಿ ಯಜಮಾನರು ಕೆಲಸ ಮಾಡುತ್ತಿದ್ದ ಕಾಲೇಜಿನ ವಾರ್ಷಿಕೋತ್ಸವ, ನಾನೂ ಹೋಗಿದ್ದೆ. ಇವನದೇ ಬ್ಯಾಂಡು. ಎಲ್ಲರ ಕಣ್ಣು ಹಾಡುವವನ ಮೇಲೆ. ನಮ್ಮವನು ಹಿಂದೆ, ಡ್ರಮ್ಮಿನ ಪಕ್ಕ. ಕೈಯಲ್ಲಿ ನಾಲ್ಕೇ ದಪ್ಪ ತಂತಿಯ ಗಿಟಾರು, ಬೇಸ್ ಅಂತಾರಂತೆ. ಹೆಬ್ಬೆರಳಲ್ಲಿ ತಂತಿಗೆ ಬಡಿದು, ತೋರುಬೆರಳಲ್ಲಿ ಎಳೆದು ಬಿಡುತ್ತಿದ್ದ. ಸೀರೆಯೊಳಗೆ ನನ್ನ ಹಿಮ್ಮಡಿ ತಾನಾಗಿ ತಾಳ ಹಾಕತೊಡಗಿತು... ಶಿವನೇ, ನಾಚಿಕೆಯಾಯಿತು.

ನಡುವೆ ಅವನ ಗಿಟಾರಿನ ವೈರು ಕಿತ್ತು ಬಂತು. ಹಾಡು ನಿಲ್ಲಲಿಲ್ಲ, ಆದರೆ ಉಪ್ಪು ಮರೆತ ಸಾರಿನಂತಾಯಿತು. ಕುಣಿಯುತ್ತಿದ್ದ ಹುಡುಗರು ಸಡಿಲಾದರು, ಯಾಕೆ ಅಂತ ಅವರಿಗೇ ತಿಳಿಯಲಿಲ್ಲ. ನನಗೆ ತಿಳಿಯಿತು: ನಮ್ಮ ಮನೆಯ ಆ ಗುದ್ದು ಅಲ್ಲಿರಲಿಲ್ಲ. ವೈರು ಮತ್ತೆ ಸಿಕ್ಕಿಸಿದ. ಮೈದಾನವೇ ಎದ್ದಿತು. ಚಪ್ಪಾಳೆಯೆಲ್ಲ ಹಾಡುವವನಿಗೆ.

ವಾಪಸ್ ಬಸ್ಸಿನಲ್ಲಿ, "ಖಾಲಿ ಮಾಡಿಸೋದು ಬ್ಯಾಡ್ರಿ" ಅಂದೆ.

"ಇವತ್ತು ಬೆಳಿಗ್ಗೆನೇ, ನೀ ಪೂಜೆಗೆ ಕೂತಾಗ, ಬೀಗದ ಕೈ ಕೊಟ್ಟು ಹೋದ," ಅಂದರು. "ನಾನು ಇನ್ನೂ ಏನೂ ಹೇಳಿರಲಿಲ್ಲ."

ಗೇಟಿನಲ್ಲಿ ನಾನಾಡಿದ ಮಾತು ಮೇಲಿನವರೆಗೂ ಕೇಳಿಸಿತ್ತೇ? ಅಥವಾ ಬೇರೆ ಕಾರಣವಿತ್ತೇ? ಇವತ್ತಿಗೂ ಅನುಮಾನ, ಈಗ ನನ್ನ ಮೇಲೆ. ದೇವರು ಅನ್ನ, ಆರೋಗ್ಯ, ಮೊಮ್ಮಕ್ಕಳು ಎಲ್ಲ ಕೊಟ್ಟಿದ್ದಾನೆ. ಹಾಡಿನ ತಳ ಹುಡುಕುವ ಕಿವಿ ಮಾತ್ರ ಆ ಬಾಡಿಗೆಯವನು ಕೊಟ್ಟು ಹೋದದ್ದು. ಆ ಬ್ಯಾಂಡು ಈಗಿಲ್ಲ, ಅವನ ಸುದ್ದಿಯೂ ಇಲ್ಲ...

ಅವತ್ತು ಹಾಡೆಲ್ಲ ಮುಗಿದ ಮೇಲೆ ಅವನು ವೈರು ಸುತ್ತುತ್ತಾ ವೇದಿಕೆಯಿಂದ ನನ್ನ ಕಡೆ ನೋಡಿದ್ದ. ಹತ್ತಿರ ಹೋಗಿ "ನಿಂದು ಕೇಳಿಸ್ತಪ್ಪಾ" ಅನ್ನಬಹುದಿತ್ತು. ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟೆ.