ಮೊಟ್ಟೆ ಚಿಪ್ಪಿನ ಮೇಲೆ ಅಜ್ಜಿ

ಭಾನುವಾರ ಬೆಳಿಗ್ಗೆ ನಮ್ಮ ಮಲಾಡಿನ ಮನೆಯ ಅಡುಗೆಮನೆಯಲ್ಲಿ ಮಗನದೇ ಕಾರುಬಾರು. ಆಮ್ಲೆಟ್ ಮಾಡಿಕೊಂಡು, ಚಿಪ್ಪುಗಳನ್ನು ಸಿಂಕಿನಲ್ಲೇ ಬಿಟ್ಟು ಹೋಗುತ್ತಾನೆ. "ಅಮ್ಮಾ, ಇರ್ಲಿ ಬಿಡು, ಬಾದ್ ಮೇ ಫೇಕ್ತಾ ಹೂಂ" ಅನ್ನುತ್ತಾನೆ. ಅವನ ಆ 'ಬಾದ್ ಮೇ', ಆ 'ಆಮೇಲೆ', ಯಾವತ್ತೂ ಬರುವುದಿಲ್ಲ. ಮೊನ್ನೆಯೂ ಗೊಣಗುತ್ತ ನಾನೇ ಎತ್ತಲು ಹೋದೆ. ಹಸಿ ಮೊಟ್ಟೆಯ ನಾತ ಮೂಗಿಗೆ ಬಡಿಯಿತು... ನಲ್ಲಿ ಬಿಟ್ಟುಕೊಂಡು, ಅರ್ಧ ಚಿಪ್ಪು ಹಿಡಿದು ನಿಂತುಬಿಟ್ಟೆ. ನೆನಪಾದದ್ದು ನಮ್ಮ ಕ್ರಾಫ್ಟ್ ಟೀಚರ್. ಅವರು ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ.

ಎಪ್ಪತ್ತರ ದಶಕದ ಆರಂಭ. ನಾವು ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ನಾನು ಕನ್ನಡ ಶಾಲೆಯಲ್ಲಿ ಐದನೆಯ ತರಗತಿ. ಟೀಚರ್ ಉಡುಪಿ ಕಡೆಯವರು. ಶುಕ್ರವಾರದ ಕೊನೆಯ ಪಿರಿಯಡ್ ಅವರದು. ಒಂದು ಶುಕ್ರವಾರ, ಮುಂದಿನ ವಾರ ಎಲ್ಲರೂ ಒಂದೊಂದು ಖಾಲಿ ಮೊಟ್ಟೆ ತರಬೇಕು ಎಂದರು. ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಒಳಗಿನದನ್ನು ಊದಿ ತೆಗೆದು, ಚಿಪ್ಪಿನ ಮೇಲೆ ನಮಗೆ ಬೇಕಾದವರೊಬ್ಬರ ಮುಖ ಬರೆಯಬೇಕಂತೆ.

ನಮ್ಮದು ಬಿಜಾಪುರ ಕಡೆಯ ಲಿಂಗಾಯತರ ಮನೆ. ಎದ್ದು ನಿಂತು, "ನಮ್ಮನ್ಯಾಗ ತತ್ತಿ ತರೂದಿಲ್ರಿ ಟೀಚರ್" ಎಂದೆ. ಇಡೀ ತರಗತಿ ಕಿಸಕ್ಕೆಂದಿತು.

"ತಿನ್ನಲಿಕ್ಕೆ ಹೇಳಿದ್ದಾ ನಾನು? ಖಾಲಿ ಚಿಪ್ಪು ತಾ ಮಾರಾಯ್ತಿ. ಅದರಲ್ಲಿ ಎಂತ ಉಂಟು?"

ಅದರಲ್ಲಿ ಎಂತ ಉಂಟು ಎಂದು ನನ್ನ ಅಜ್ಜಿಯನ್ನು ಕೇಳಬೇಕಿತ್ತು. ಪಕ್ಕದ ಖೋಲಿಯಿಂದ ಮೊಟ್ಟೆಯ ವಾಸನೆ ಬಂದರೆ ಊದುಬತ್ತಿ ಹಚ್ಚುವವಳು ಅವಳು. ಆದರೆ ಟೀಚರ್‌ಗೆ ಎದುರು ಹೇಳುವ ಧೈರ್ಯ ಯಾರಿಗಿತ್ತು? ಅದೇ ಪಕ್ಕದ ಖೋಲಿಯ ಕುಂದಾಪುರದ ಅಕ್ಕನ ಕಾಲು ಹಿಡಿದೆ. ಆಕೆ ಚಿಪ್ಪನ್ನು ಸೋಪು ಹಾಕಿ ತೊಳೆದುಕೊಟ್ಟಳು. ಮೂರು ದಿನ ಆಕೆಯ ಖೋಲಿಯಲ್ಲೇ ಕೂತು ಬರೆದೆ. ಗೋಧಿ ಬಣ್ಣ ಹಚ್ಚಿ, ಪೆನ್ಸಿಲ್ಲಿನಿಂದ ಸುಕ್ಕು ಎಳೆದು, ಹತ್ತಿಯಿಂದ ಬಿಳಿ ಕೂದಲು ಅಂಟಿಸಿದೆ. ಅಜ್ಜಿಯೇ! ಆದರೂ ಏನೋ ಕಡಿಮೆ ಅನ್ನಿಸಿತು. ವಿಭೂತಿ ಇಲ್ಲದ ಅಜ್ಜಿಯನ್ನು ನಾನು ನೋಡಿಯೇ ಇರಲಿಲ್ಲ. ಮನೆಯ ದೇವರ ಜಗುಲಿಯಿಂದ ವಿಭೂತಿಯ ಒಂದು ಚೂರು ಮುರಿದು ತಂದು, ನೀರಲ್ಲಿ ತೇಯ್ದು, ಹಣೆಗೆ ಮೂರು ಬೆರಳಿನ ಗೆರೆ ಎಳೆದೆ. ಪೂಜೆಯ ವಿಭೂತಿಯನ್ನು ಮೊಟ್ಟೆಗೆ ಬಳಿಯುತ್ತಿದ್ದೇನೆ ಎಂಬುದು ತಲೆಗೇ ಹೊಳೆಯಲಿಲ್ಲ. ಅಂಥ ಪೆದ್ದಿ ನಾನು.

ಹೊಳೆದದ್ದು, ಶಾಲೆಯ ಪ್ರದರ್ಶನಕ್ಕೆ ಮನೆಯವರನ್ನು ಕರೆತನ್ನಿ ಎಂದು ಟೀಚರ್ ಹೇಳಿದಾಗ. ಅಪ್ಪ ಅವ್ವ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುವವರು. ಬರುವವಳು ಅಜ್ಜಿಯೇ.

"ನಂದ ಇಡಬ್ಯಾಡ್ರಿ ಟೀಚರ್" ಎಂದು ಅವರ ಹಿಂದೆ ಹಿಂದೆ ಅಲೆದೆ.

"ಸುಮ್ಮನೆ ನಾಚಿಕೆ ಎಂತಕ್ಕೆ? ಎಲ್ಲರಿಗಿಂತ ನಿಂದೇ ಚಂದ ಆದದ್ದು" ಎಂದರು. ಯಾಕೆ ಬೇಡ ಎಂದು ಒಂದು ಮಾತು ಕೇಳಬಾರದಿತ್ತೇ? ನಾನಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಅವತ್ತು ತರಗತಿಯೆಲ್ಲ ನಕ್ಕದ್ದು ಇನ್ನೂ ಕಿವಿಯಲ್ಲಿತ್ತು.

ಪ್ರದರ್ಶನದ ದಿನ ಎಲ್ಲರಿಗಿಂತ ಮೊದಲು ಹೋದೆ. ಕಿಟಕಿಯ ಪಕ್ಕದ ಮೇಜಿನ ನಟ್ಟನಡುವೆ, ಬಳೆಯೊಂದರ ಮೇಲೆ ಅಜ್ಜಿಯನ್ನು ಕೂರಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಹೆಬ್ಬೆರಳಿನಿಂದ ಒತ್ತಿದೆ. ಅಷ್ಟೇ. ಬೆರಳಿಗೆ ವಿಭೂತಿ ಮೆತ್ತಿಕೊಂಡಿತು.

ಟೀಚರ್ ಬಂದು ನೋಡಿದವರು ಬೈಯಲಿಲ್ಲ. "ಅಯ್ಯೋ, ಗಾಳಿಗೆ ಬಿತ್ತಾ? ಕಿಟಕಿ ಹತ್ತಿರ ಇಟ್ಟದ್ದು ನನ್ನದೇ ತಪ್ಪು" ಎಂದರು. ನನ್ನ ಕಣ್ಣು ನೋಡಿ, "ಅಳುದು ಎಂತಕ್ಕೆ? ಎಂತಾಯ್ತು?" ಎಂದು ಕೇಳಿದರು.

"ಏನಿಲ್ರಿ" ಎಂದೆ.

ಮಧ್ಯಾಹ್ನದ ಬಿಡುವಿನಲ್ಲಿ ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ಕೂತು ಒಂದೊಂದೇ ಚೂರನ್ನು ಗೋಂದಿನಿಂದ ಜೋಡಿಸಿದರು. ಚೂರುಗಳು ಬೆರಳಿಗೇ ಅಂಟಿಕೊಳ್ಳುತ್ತಿದ್ದವು. ಬಿಡಿಸಿ ಮತ್ತೆ ಅಂಟಿಸುತ್ತಿದ್ದರು. ಬಿಟ್ಟುಬಿಡಿ ಎಂದು ಕೂಗಬೇಕು ಅನ್ನಿಸುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

ಅಜ್ಜಿ ಬಂದಳು. ಟೀಚರ್ ತಾವೇ ಎದುರು ಹೋಗಿ, ಬಿರುಕು ಬಿಟ್ಟ ಆ ಮುಖವನ್ನು ಅಂಗೈಯಲ್ಲಿಟ್ಟು ಚಾಚಿದರು. "ಅಜ್ಜೀ, ಮೊಟ್ಟೆ ಮೇಲೆ ನಿಮ್ಮನ್ನೇ ಬರೆದದ್ದು ಇವಳು. ನನ್ನಿಂದ ಒಡೆದುಹೋಯ್ತು, ಬೇಜಾರು ಮಾಡ್ಬೇಡಿ."

ಅಜ್ಜಿ ನೋಡಿದಳು. ಮೂರು ಗೆರೆಯನ್ನೂ ನೋಡಿದಳು. ಅವಳ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. "ಒಡದದ್ದ ಚಲೋ ಆತ ಬಿಡ್ರಿ ಅಕ್ಕಾರ" ಎಂದು ತಿರುಗಿ ನಡೆದಳು.

ಚಾಚಿದ ಅಂಗೈ ಹಾಗೇ ಇತ್ತು. ಟೀಚರ್ ನನ್ನ ಕಡೆ ನೋಡಿದರು. ಅವರಿಗೆ ಆಗ ಎಷ್ಟು ಅರ್ಥವಾಯಿತೋ... ಮುಂದಿನ ಶುಕ್ರವಾರ ನಮಗೆ ಬಣ್ಣದ ಕಾಗದ ಹಂಚಿದರು. ವರ್ಷವಿಡೀ ಬರೀ ಕಾಗದವೇ. ಬೇಸಿಗೆ ರಜೆ ಮುಗಿಸಿ ಬಂದಾಗ ಅವರಿಗೆ ಬೇರೆ ಶಾಲೆಗೆ ವರ್ಗವಾಗಿತ್ತು. ಮನೆಯಲ್ಲಿ ಮೈಲಿಗೆಯೆಂದು ನನಗೆ ತಲೆಗೆ ನೀರು ಹಾಕಿದ್ದು, ಅಜ್ಜಿ ವಾರಗಟ್ಟಲೆ ಮಾತು ಬಿಟ್ಟದ್ದು ಎಲ್ಲ ಯಾವತ್ತೋ ಆರಿಹೋಯಿತು. ಒಡೆದವಳು ನಾನು ಎಂಬ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

ಹೋದ ವರ್ಷ ಮಾಟುಂಗದ ಮದುವೆಯೊಂದರಲ್ಲಿ ಹಳೆಯ ಸಹಪಾಠಿ ಸಿಕ್ಕಿದ್ದಳು. ಟೀಚರ್ ತೀರಿಕೊಂಡು ಬಹಳ ಕಾಲವಾಯಿತಂತೆ. ಊಟದ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವಾಗ ಹೇಳಿದಳು.

ಮೊನ್ನೆ ಆ ಅರ್ಧ ಚಿಪ್ಪನ್ನು ಸೋಪು ಹಾಕಿ ತೊಳೆದೆ. ಫೋನಿನ ಪಕ್ಕದ ಪೆನ್ನು ತಂದು ಅವರ ಮುಖ ಬರೆಯಲು ಕೂತೆ. ಹಣೆಗೊಂದು ಬೊಟ್ಟು ಇಟ್ಟೆ. ಮುಂದೆ ಕೈ ಓಡಲಿಲ್ಲ. ಗೋಂದು ಮೆತ್ತಿದ ಬೆರಳುಗಳು ಒಂದೊಂದೂ ನೆನಪಿವೆ, ಮುಖ ನೆನಪಿಲ್ಲ. ಎಷ್ಟು ಕೆಟ್ಟದೆನ್ನಿಸಿತೆಂದರೆ, ಆ ಬೊಟ್ಟನ್ನೇ ನೋಡುತ್ತ ಬಾಯಿಬಿಟ್ಟು ಹೇಳಿದೆ: "ಒಡದಾಕಿ ನಾನ ರೀ, ಟೀಚರ್."

ಹೊರಗಿನಿಂದ ಮಗ, "ಕ್ಯಾ ಬೋಲಿ ಅಮ್ಮಾ?" ಎಂದ.

"ಏನಿಲ್ಲ" ಎಂದೆ.